ಹತ್ತು ಕಟ್ಟುವಲ್ಲಿ ಒಂದು ಮುತ್ತು

ಕೂಡಿಡುವುದು ಜೀವಿಗಳ ಹಳೆಯ ಗುಣ. ಇರುವೆ ಕಾಳನ್ನು ಕೂಡಿಡುತ್ತದೆ. ಜೇನುಹುಳು ಮಧುವನ್ನು ಕೂಡಿಡುತ್ತದೆ. ಅವು ಕೂಡಿಡುವುದು ಮುಂದೊಂದು ದಿನ ಉಣ್ಣುವುದಕ್ಕಾಗಿ. ಉಣ್ಣುವ ಉದ್ದೇಶವನ್ನೇ ಮರೆತು ಕೂಡಿಡುವ ವಿದ್ಯೆಯನ್ನು ಕಲಿತವನು ಬಹುಶಃ ಮನುಷ್ಯನೊಬ್ಬನೇ. ಓದದ ಪುಸ್ತಕಗಳಿಂದ ಕಪಾಟು ತುಂಬಿಸುವವರುಂಟು. ಉಡದ ಸೀರೆಗಳಿಂದ ಟ್ರಂಕು ತುಂಬಿಸುವವರುಂಟು. ಬಳಸದ ಪಾತ್ರೆಗಳಿಂದ ಅಟ್ಟ ತುಂಬಿಸುವವರುಂಟು. ಈ ಸಾಲಿಗೆ ನಮ್ಮ ಕಾಲದ ಎಳೆಯರು ಹೊಸದೊಂದನ್ನು ಸೇರಿಸಿದ್ದಾರೆ. ಅದು ಆಡದ ಆಟಗಳನ್ನು ಕೂಡಿಡುವುದು.

ಇಲ್ಲಿ ಆಟವೆಂದರೆ ವಿಡಿಯೋ ಆಟ. ಪೇಟೆಯ ಅನುಕೂಲವಂತರ ಮನೆಯಲ್ಲಿ ಅದು ಡಿಸ್ಕುಗಳ ಸಾಲಾಗಿ ಕಪಾಟಿನಲ್ಲಿ ಕುಳಿತಿರುತ್ತದೆ. ಹಳ್ಳಿಯ ಬಡವರ ಮನೆಯಲ್ಲಿ ಅದು ತಂದೆಯ ಮೊಬೈಲಿನ ಹೊಟ್ಟೆಯನ್ನು ಉಬ್ಬಿಸಿ, ಒಂದು ಫೋಟೋ ತೆಗೆಯುವುದಕ್ಕೂ ಜಾಗವಿಲ್ಲದಂತೆ ಮಾಡಿರುತ್ತದೆ. ವಿಡಿಯೋ ಆಟದ ಮಾತೆತ್ತಿದೊಡನೆ ಹಿರಿಯರು ‘ಬಿಡು, ಅದನ್ನು ಮುಟ್ಟಬೇಡ’ ಎನ್ನುವುದು ವಾಡಿಕೆ. ಮೂರು ದಶಕಗಳಿಗೂ ಮಿಕ್ಕಿ ಪಾಠ ಹೇಳಿದ ನಾನೂ ಅದನ್ನೇ ಹೇಳುವೆನೆಂದು ನೀವು ಊಹಿಸಿರಬಹುದು. ನನ್ನ ಅಭಿಪ್ರಾಯ ಬೇರೆ. ಆಟಗಳ ಗಂಟನ್ನು ಕಿರಿದು ಮಾಡಿರಿ. ಆಟವನ್ನು ಹಿರಿದು ಮಾಡಿರಿ. ಇದೇ ಈ ಲೇಖನದ ತಾತ್ಪರ್ಯ.

ನಮ್ಮ ಅಮೀನಗಡದ ಹೆಸರೆತ್ತಿದರೆ ನಾಡಿನ ಜನಕ್ಕೆ ಕರದಂಟು ನೆನಪಾಗುತ್ತದೆ. ತುಪ್ಪದಲ್ಲಿ ಕರಿದ ಅಂಟು, ಬೆಲ್ಲ, ಒಣಕೊಬ್ಬರಿ, ಗೋಡಂಬಿ, ಬಾದಾಮಿಗಳು ಕೂಡಿ ಆದ ಆ ಸಿಹಿಗೆ ಒಂದು ವಿಶೇಷವುಂಟು. ಅದನ್ನು ಅವಸರದಿಂದ ನುಂಗಲು ಬಾರದು. ಹಲ್ಲಿಗೆ ಕೆಲಸ ಕೊಟ್ಟು ನಿಧಾನವಾಗಿ ಅಗಿದಾಗಲೇ ಅಂಟಿನ ಸ್ವಾದ ಬೇರೆ, ಬೆಲ್ಲದ ಸ್ವಾದ ಬೇರೆ ಎಂದು ನಾಲಗೆಗೆ ತಿಳಿಯುವುದು. ಹತ್ತು ಪೆಟ್ಟಿಗೆ ಕರದಂಟನ್ನು ಕೊಂಡು, ಪ್ರತಿಯೊಂದರಿಂದಲೂ ಒಂದು ಚೂರನ್ನು ಮುರಿದು ಬಾಯಿಗಿಟ್ಟು, ಅಗಿಯದೆ ಮುಂದಿನ ಪೆಟ್ಟಿಗೆಗೆ ಕೈ ಚಾಚುವವನನ್ನು ನೀವು ಏನೆನ್ನುವಿರಿ? ಅವನ ಬಳಿ ಸಿಹಿ ಬೇಕಾದಷ್ಟಿದೆ, ಸವಿ ಇಲ್ಲ. ನಲವತ್ತು ಆಟಗಳನ್ನು ಇಳಿಸಿಕೊಂಡು, ಒಂದನ್ನು ಐದು ನಿಮಿಷ, ಇನ್ನೊಂದನ್ನು ಹತ್ತು ನಿಮಿಷ ಮುಟ್ಟಿ ನೋಡಿ ಬೇಸರದಿಂದ ಕೆಳಗಿಡುವ ಹುಡುಗನ ಸ್ಥಿತಿಯೂ ಇದೇ ಅಲ್ಲವೆ?

ಈ ಸ್ಥಿತಿ ಬಂದ ಬಗೆಯನ್ನು ಸ್ವಲ್ಪ ನೋಡೋಣ. 1972ರಲ್ಲಿ ಅಮೆರಿಕದಲ್ಲಿ ‘ಪಾಂಗ್’ ಎಂಬ ಆಟ ಬಂದಿತು. ತೆರೆಯ ಎರಡು ಬದಿಯಲ್ಲಿ ಎರಡು ಗೆರೆಗಳು. ನಡುವೆ ಒಂದು ಚುಕ್ಕೆ. ಗೆರೆಯೇ ಬ್ಯಾಟು, ಚುಕ್ಕೆಯೇ ಚೆಂಡು. ಆ ಯಂತ್ರದಲ್ಲಿದ್ದುದು ಅದೊಂದೇ ಆಟ. ಜನರು ಅದರ ಮುಂದೆ ಸರದಿಯಲ್ಲಿ ನಿಂತು ಆಡಿದರು. ಮುಂದೆ 1990ರ ದಶಕದಲ್ಲಿ ನಮ್ಮ ದೇಶದ ಪೇಟೆಗಳಲ್ಲಿಯೂ ಜಾತ್ರೆಗಳಲ್ಲಿಯೂ ಅಂಗೈಯಗಲದ ಆಟದ ಯಂತ್ರಗಳು ಮಾರಾಟಕ್ಕೆ ಬಂದವು. ಅವುಗಳ ಮೇಲೆ ‘9999 ಆಟಗಳು ಒಂದರಲ್ಲಿ’ ಎಂದು ಅಚ್ಚಾಗಿರುತ್ತಿತ್ತು. ತಂದೆಯನ್ನು ಕಾಡಿ ಬೇಡಿ ಅದನ್ನು ಕೊಂಡ ಮಕ್ಕಳು ಮನೆಗೆ ಬಂದು ಎಣಿಸಿದರೆ, ಒಳಗಿದ್ದವು ಕೆಲವೇ ಆಟಗಳು. ಅವೇ ಆಟಗಳು ವೇಗವನ್ನು ಬದಲಿಸಿ, ಅಂಕಿಯನ್ನು ಬದಲಿಸಿ, ಮತ್ತೆ ಮತ್ತೆ ಬರುತ್ತಿದ್ದವು. ಮಾರಾಟಗಾರನು ಒಂದು ಸತ್ಯವನ್ನು ಚೆನ್ನಾಗಿ ಅರಿತಿದ್ದನು. ಕೊಳ್ಳುವವನ ಕಣ್ಣನ್ನು ಸೆಳೆಯುವುದು ಆಟದ ಗುಣವಲ್ಲ, ಸಂಖ್ಯೆ.

ಇಂದು ಆ ಸುಳ್ಳು ಸಂಖ್ಯೆಯೇ ನಿಜವಾಗಿದೆ. 2003ರಲ್ಲಿ ಆರಂಭವಾದ ‘ಸ್ಟೀಮ್’ ಎಂಬ ಗಣಕಯಂತ್ರದ ಆಟಗಳ ಅಂಗಡಿಯೊಂದರಲ್ಲಿಯೇ 2024ರಲ್ಲಿ 18 ಸಾವಿರಕ್ಕೂ ಹೆಚ್ಚು ಹೊಸ ಆಟಗಳು ಬಿಡುಗಡೆಯಾದವು. ದಿನಕ್ಕೊಂದರಂತೆ ಆಡುತ್ತ ಹೋದರೂ ಆ ಒಂದು ವರ್ಷದ ಆಟಗಳನ್ನು ಮುಗಿಸಲು 49 ವರ್ಷ ಬೇಕು. ಅಷ್ಟು ಹೊತ್ತಿಗೆ ಇನ್ನೂ 49 ವರ್ಷಗಳ ಆಟಗಳು ಬಾಗಿಲ ಬಳಿ ಕಾದಿರುತ್ತವೆ! ಹೀಗಿರುವಾಗ ‘ಎಲ್ಲವೂ ನನ್ನ ಬಳಿ ಇರಲಿ’ ಎಂಬ ಆಸೆ ತೂತುಬಿದ್ದ ಕೊಡದಿಂದ ನೀರು ಹೊತ್ತಂತೆಯೇ ಸರಿ.

ರಾಶಿ ಬೆಳೆಸಿದವರು ಅದರಿಂದ ಸುಖಪಟ್ಟರೆಂಬುದಕ್ಕೂ ಚರಿತ್ರೆಯಲ್ಲಿ ಆಧಾರ ಸಾಲದು. 1983ರಲ್ಲಿ ಅಮೆರಿಕದ ಪೇಟೆಯಲ್ಲಿ ಆಟಗಳು ಮಿತಿಮೀರಿ ತುಂಬಿದವು. ಹೆಚ್ಚಿನವು ಅವಸರದಲ್ಲಿ ಮಾಡಿದವು, ಸತ್ವವಿಲ್ಲದವು. ಜನ ಕೊಳ್ಳುವುದನ್ನು ನಿಲ್ಲಿಸಿದರು. ಅಟಾರಿ ಎಂಬ ಪ್ರಸಿದ್ಧ ಕಂಪನಿ ಮಾರಾಟವಾಗದ ಕ್ಯಾಸೆಟ್ಟುಗಳನ್ನು ಲಾರಿಗಳಲ್ಲಿ ಹೇರಿ, ನ್ಯೂ ಮೆಕ್ಸಿಕೋ ರಾಜ್ಯದ ಅಲಮೊಗೋರ್ಡೊ ಎಂಬ ಊರಿನ ಕಸದ ಗುಂಡಿಯಲ್ಲಿ ಹೂಳಿಸಿತು. 2014ರಲ್ಲಿ ಆ ನೆಲವನ್ನು ಅಗೆದಾಗ ಅವು ಮಣ್ಣು ಮೆತ್ತಿಕೊಂಡು ಹೊರಬಂದವು. ಯಾವ ಮಗುವನ್ನೂ ನಗಿಸದೆ, ಯಾವ ಕೈಯನ್ನೂ ಪಳಗಿಸದೆ, ಆಟಗಳು ಮೂವತ್ತು ವರ್ಷ ಮಣ್ಣಿನಲ್ಲಿ ಮಲಗಿದ್ದವು. ಆಡದೆ ಕಪಾಟಿನಲ್ಲಿಟ್ಟ ಆಟಕ್ಕೂ ಮಣ್ಣಿನಲ್ಲಿ ಹೂತ ಆಟಕ್ಕೂ ಇರುವ ಅಂತರವೇನೆಂದು ನೀವೇ ಯೋಚಿಸಿರಿ.

ಇನ್ನು ಒಂದೇ ಆಟವನ್ನು ಹಿಡಿದು ಆಳಕ್ಕಿಳಿದವರ ಕಡೆಗೆ ನೋಡೋಣ. ‘ಟೆಟ್ರಿಸ್’ ಎಂಬ ಆಟವನ್ನು 1984ರಲ್ಲಿ ಮಾಸ್ಕೋ ನಗರದಲ್ಲಿ ಅಲೆಕ್ಸಿ ಪಾಜಿಟ್ನೋವ್ ಎಂಬವರು ರಚಿಸಿದರು. ನಾಲ್ಕು ನಾಲ್ಕು ಚೌಕಗಳಿಂದಾದ ಏಳು ಬಗೆಯ ತುಂಡುಗಳು ಮೇಲಿನಿಂದ ಬೀಳುತ್ತವೆ. ಅವುಗಳನ್ನು ತಿರುಗಿಸಿ, ಸಂದಿಲ್ಲದಂತೆ ಸಾಲು ಜೋಡಿಸಬೇಕು. ಆಟವೆಲ್ಲ ಇಷ್ಟೇ. 1989ರಲ್ಲಿ ಮನೆಯ ಯಂತ್ರಕ್ಕಾಗಿ ಬಂದ ಅದರ ಒಂದು ರೂಪವನ್ನು ಜಗತ್ತಿನ ಕೋಟ್ಯಂತರ ಜನ ಆಡಿದರು. ಆದರೆ ಯಂತ್ರವೇ ಸೋತು ನಿಲ್ಲುವಷ್ಟು ದೂರ ಯಾರೂ ಹೋಗಿರಲಿಲ್ಲ. 2023ರ ಡಿಸೆಂಬರ್ 21ರಂದು ಅಮೆರಿಕದ ಒಕ್ಲಹೋಮ ರಾಜ್ಯದ ವಿಲ್ಲಿಸ್ ಗಿಬ್ಸನ್ ಎಂಬ ಬಾಲಕನು 157ನೆಯ ಹಂತವನ್ನು ಮುಟ್ಟಿದಾಗ ತೆರೆ ಸ್ತಬ್ಧವಾಯಿತು. ಆಗ ಅವನ ವಯಸ್ಸು 13. ಆಟದ ವಯಸ್ಸು 34! ಹುಟ್ಟುವ ಮೊದಲೇ ಹಳತಾಗಿದ್ದ ಆಟವೊಂದರಲ್ಲಿ ಅವನು ಹೊಸತನ್ನು ಕಂಡನು. ಅವನ ಬಳಿ ಎಷ್ಟು ಆಟಗಳಿದ್ದವೆಂದು ಯಾರೂ ಕೇಳಲಿಲ್ಲ. ಒಂದನ್ನು ಎಷ್ಟು ಆಡಿದನೆಂಬುದನ್ನೇ ಲೋಕ ಮೆಚ್ಚಿತು.

ಇದಕ್ಕಾಗಿ ನಾವು ಅಮೆರಿಕದವರೆಗೆ ಹೋಗಬೇಕಾಗಿಯೂ ಇಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಆಟಗಳ ದೊಡ್ಡ ಪ್ರೇಮಿ. ಶ್ರೀತತ್ತ್ವನಿಧಿಯ ಒಂದು ಭಾಗವಾದ ಕೌತುಕನಿಧಿಯು ಆಟಗಳಿಗೇ ಮೀಸಲಾಗಿದೆ. ಗಂಜೀಫಾ ಎಲೆಗಳಲ್ಲಿಯೂ ಮಣೆಯ ಆಟಗಳಲ್ಲಿಯೂ ಅವರು ಹೊಸ ಹೊಸ ಬಗೆಗಳನ್ನು ಕಲ್ಪಿಸಿದರು. ಅರಸನಾದವನಿಗೆ ಆಟದ ಸಾಮಗ್ರಿಗೆ ಬರವೆ? ಆದರೂ ಅವರ ಕೀರ್ತಿಗೆ ಕಾರಣವಾದ ಸಾಧನೆಗಳಲ್ಲೊಂದು ನಡೆದುದು ಅರುವತ್ತನಾಲ್ಕು ಮನೆಗಳ ಸಾಮಾನ್ಯ ಚದುರಂಗದ ಹಾಸಿನ ಮೇಲೆ, ಒಂದೇ ಒಂದು ಕುದುರೆಯಿಂದ. ಆ ಕುದುರೆಯನ್ನು ಅದರ ನಡೆಯ ನಿಯಮದಂತೆಯೇ ನಡೆಸಿ, ಯಾವ ಮನೆಯನ್ನೂ ಎರಡನೆಯ ಸಲ ಮೆಟ್ಟದೆ, ಎಲ್ಲ ಮನೆಗಳನ್ನೂ ಸುತ್ತಿಸುವ ದಾರಿಗಳನ್ನು ಅವರು ಹುಡುಕಿದರು. ಹಾಸು ಒಂದೇ, ಕಾಯಿ ಒಂದೇ. ದಾರಿಗಳು ಮಾತ್ರ ಹಲವು.

ನಮ್ಮ ಅಜ್ಜಿಯರ ಅಳಗುಳಿಮಣೆಯ ಮಾತೂ ಹೀಗೆಯೇ. ಎರಡು ಸಾಲಿನಲ್ಲಿ ಹದಿನಾಲ್ಕು ಗುಳಿಗಳು, ಒಂದು ಹಿಡಿ ಹುಣಸೆಯ ಬೀಜ. ತಾಯಿ ಆಡಿದ ಮಣೆಯನ್ನು ಮಗಳು ಆಡಿದಳು, ಮೊಮ್ಮಗಳು ಆಡಿದಳು. ಗುಳಿಗಳ ಅಂಚು ಬೆರಳು ತಾಗಿ ತಾಗಿ ನುಣುಪಾಯಿತೇ ಹೊರತು ಆಟ ಸವೆಯಲಿಲ್ಲ. ಹಂಪೆಗೆ ಹೋದವರು ಅಲ್ಲಿನ ಮಂಟಪಗಳ ಹಾಸುಗಲ್ಲಿನ ಮೇಲೆ ಕೊರೆದ ಆಟದ ಮನೆಗಳನ್ನು ನೋಡಿರಬಹುದು. ಹೊತ್ತೊಯ್ಯಲಾಗದ, ಮಾರಲಾಗದ, ಬೀಗ ಹಾಕಲಾಗದ ಆಟಗಳವು! ಬಂದವರು ಕುಳಿತು ಆಡಿದರು, ಎದ್ದು ಹೋದರು. ಬಳಿಕ ಬಂದವರು ಮತ್ತೆ ಆಡಿದರು.

ಈಗ ನಮ್ಮ ಓಣಿಯ ಒಂದು ಮನೆಯ ಸಂಗತಿಯನ್ನು ಹೇಳುತ್ತೇನೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಕಾಕಾ ತಾನು ಬಳಸಿದ ಹಳೆಯ ಆಟದ ಯಂತ್ರವನ್ನೂ ನಲವತ್ತಮೂರು ಡಿಸ್ಕುಗಳನ್ನೂ ಅಣ್ಣನ ಮಗನಿಗೆ ಕೊಟ್ಟನು. ಹುಡುಗನ ಹಿಗ್ಗಿಗೆ ಪಾರವಿಲ್ಲ. ಗೆಳೆಯರು ಬಂದರೆ ಡಿಸ್ಕುಗಳನ್ನು ಸಾಲಾಗಿ ಇಟ್ಟು ತೋರಿಸುವನು. ಆದರೆ ಆಡಲು ಕುಳಿತರೆ ಒಂದನ್ನು ಹಾಕುವನು, ತೆಗೆಯುವನು, ಇನ್ನೊಂದನ್ನು ಹಾಕುವನು. ಅವನ ತಂಗಿ ಎರಡನೆಯ ಹಿಡಿಕೆಯನ್ನು ಕೈಯಲ್ಲಿ ಹಿಡಿದು ಪಕ್ಕದಲ್ಲಿ ಕಾದು ಕುಳಿತಿರುವಳು. ಅವಳು ಆಟದ ನಿಯಮವನ್ನು ತಿಳಿಯುವಷ್ಟರಲ್ಲಿ ಆಟ ಬದಲಾಗಿರುತ್ತಿತ್ತು. “ಅಣ್ಣಾ, ಒಂದಾದ್ರೂ ಆಟ ಕಡೀತನಕ ಆಡೂಣ” ಎಂದು ಅವಳು ಬೇಡಿಕೊಂಡರೂ ಅವನ ಕೈ ನಿಲ್ಲಲಿಲ್ಲ.

ಒಂದು ದಿನ ಅಜ್ಜಿ ಕಾಳು ಆರಿಸುತ್ತ ಕುಳಿತವಳು, “ತಮ್ಮಾ, ಇಷ್ಟರಾಗ ನಿನಗ ಬೇಕಾದ್ದು ಯಾವುದು?” ಎಂದು ಕೇಳಿದಳು. ಹುಡುಗನಿಗೆ ಒಮ್ಮೆಲೇ ಉತ್ತರ ಹೊಳೆಯಲಿಲ್ಲ. ಅಜ್ಜಿಯ ಮುಂದೆ ಮೊರದಲ್ಲಿ ಗಟ್ಟಿಕಾಳು ಒಂದು ಕಡೆ, ಹೊಟ್ಟು ಒಂದು ಕಡೆ ಇತ್ತು. ಅದೇ ಸಂಜೆ ಅಣ್ಣತಂಗಿಯರು ಡಿಸ್ಕುಗಳನ್ನು ನೆಲದ ಮೇಲೆ ಹರಡಿ ಆರಿಸತೊಡಗಿದರು. ಕಾಕಾನಿಗೆ ಫೋನು ಮಾಡಿ ಕೇಳಿದರು. ಅವನು ನಕ್ಕು ಒಪ್ಪಿದನು. ಐದು ಉಳಿದವು. ಉಳಿದುದೆಲ್ಲ ಇಳಕಲ್ಲು, ಹುನಗುಂದಗಳಲ್ಲಿದ್ದ ನಂಟರ ಮಕ್ಕಳಿಗೂ ಗೆಳೆಯರಿಗೂ ಹೋಯಿತು. ಈಗ ಆ ಮನೆಯಲ್ಲಿ ಭಾನುವಾರದ ಸಂಜೆ ಒಂದೇ ಕಾಲ್ಚೆಂಡಿನ ಆಟ ನಡೆಯುತ್ತದೆ. ಮೊದಲು ಅಣ್ಣ ಗೆಲ್ಲುತ್ತಿದ್ದನು. ಅವನು ಯಾವಾಗಲೂ ಬಲಬದಿಯಿಂದಲೇ ಚೆಂಡನ್ನು ತರುತ್ತಾನೆಂಬುದನ್ನು ತಂಗಿ ಕಂಡುಕೊಂಡ ಬಳಿಕ ಅವಳು ಗೆಲ್ಲತೊಡಗಿದಳು. ಈಗ ಅಣ್ಣ ಹೊಸ ದಾರಿಯನ್ನು ಹುಡುಕಬೇಕಾಗಿದೆ. ಎದುರಾಳಿಯನ್ನು ಅರಿಯುವುದು, ಸೋಲನ್ನು ತಾಳುವುದು, ಸೋಲಿನಿಂದ ಉಪಾಯವನ್ನು ಹುಟ್ಟಿಸುವುದು, ಇವೇ ಆಟದ ನಿಜವಾದ ಫಲಗಳು. ಇವು ಒಂದೇ ಆಟಕ್ಕೆ ಮತ್ತೆ ಮತ್ತೆ ಮರಳಿದವರಿಗೆ ಮಾತ್ರ ದೊರೆಯುತ್ತವೆ. ಕಷ್ಟ ಬಂದೊಡನೆ ಆಟವನ್ನೇ ಬದಲಿಸುವವನು ಈ ಪಾಠದ ಬಾಗಿಲಿಗೇ ಬರುವುದಿಲ್ಲ. ಆಟದಲ್ಲಿ ರೂಢಿಯಾದ ಈ ಚಂಚಲತೆ ಗಣಿತದ ಲೆಕ್ಕದಲ್ಲಿಯೂ, ನಾಳೆ ಹಿಡಿಯುವ ಕಸುಬಿನಲ್ಲಿಯೂ ಹಿಂಬಾಲಿಸಿ ಬರದೆ ಬಿಡದು.

ಇದಕ್ಕೆ ಕೆಲವು ಆಕ್ಷೇಪಗಳು ಬರಬಹುದು. ‘ಹಲವನ್ನು ನೋಡದೆ ಒಳ್ಳೆಯದು ಯಾವುದೆಂದು ತಿಳಿಯುವುದು ಹೇಗೆ?’ ಎಂಬುದು ಮೊದಲನೆಯದು. ಪ್ರಶ್ನೆ ನ್ಯಾಯವಾದುದು. ಸಂತೆಯಲ್ಲಿ ಹತ್ತು ಕುರಿಗಳನ್ನು ನೋಡಿಯೇ ಒಂದನ್ನು ಕೊಳ್ಳಬೇಕು. ಆದರೆ ನೋಡಿದ ಹತ್ತನ್ನೂ ಮನೆಗೆ ಹೊಡೆದುಕೊಂಡು ಬರುವವನನ್ನು ಜಾಣನೆಂದು ಯಾರೂ ಕರೆಯರು. ನೋಡುವುದಕ್ಕೆ ಹಲವಿರಲಿ, ಸಾಕುವುದಕ್ಕೆ ಕೆಲವಿರಲಿ.

‘ದುಡ್ಡು ಕೊಟ್ಟು ಕೊಂಡದ್ದನ್ನು ಬಿಡುವುದೆಂತು?’ ಎಂಬುದು ಎರಡನೆಯದು. ಕೊಟ್ಟ ದುಡ್ಡು ಕೊಟ್ಟ ದಿನವೇ ಹೋಯಿತು. ಬೇಡವಾದ ಆಟವನ್ನು ಇಟ್ಟುಕೊಂಡರೂ ಅದು ಮರಳದು. ಬೇರೆಯವರಿಗೆ ಕೊಟ್ಟರೆ ಅವರ ಸಂತೋಷವಾದರೂ ಹುಟ್ಟೀತು. ಅಲ್ಲದೆ, ನಾವು ‘ಕೊಂಡೆವು’ ಎಂದು ತಿಳಿದ ಎಷ್ಟೋ ಆಟಗಳು ನಿಜವಾಗಿ ನಮ್ಮವಲ್ಲ. ಅಂತರ್ಜಾಲದ ಅಂಗಡಿಯಲ್ಲಿ ಹಣ ಕೊಟ್ಟಾಗ ಬಹುಪಾಲು ನಮಗೆ ದೊರೆಯುವುದು ಆಡುವ ಅನುಮತಿಯೇ ಹೊರತು ಒಡೆತನವಲ್ಲ. 2014ರಲ್ಲಿ ಬಂದ ‘ದಿ ಕ್ರ್ಯೂ’ ಎಂಬ ಕಾರೋಟದ ಆಟವನ್ನು ಲಕ್ಷಾಂತರ ಜನ ಆಡಿದ್ದರು. 2024ರಲ್ಲಿ ಅದರ ಕಂಪನಿ ತನ್ನ ಗಣಕಯಂತ್ರಗಳನ್ನು ನಿಲ್ಲಿಸಿದೊಡನೆ, ಹಣ ತೆತ್ತವರಿಗೂ ಅದು ಆಡಲು ಬಾರದಂತಾಯಿತು. ಆಡಿದವರಲ್ಲಿ ಆಡಿದ ನೆನಪಾದರೂ ಉಳಿಯಿತು. ಮುಂದೆ ಆಡೋಣವೆಂದು ಕೊಂಡಿಟ್ಟವರಿಗೆ ಉಳಿದುದೇನು?

‘ಯಾರೂ ಕೂಡಿಡದಿದ್ದರೆ ಹಳೆಯ ಆಟಗಳು ಅಳಿದುಹೋಗವೆ?’ ಎಂಬುದು ಮೂರನೆಯದು. ಮೂರರಲ್ಲಿ ಇದೇ ತೂಕವುಳ್ಳದ್ದು. ವಿಡಿಯೋ ಆಟಗಳ ಚರಿತ್ರೆಯನ್ನು ಕಾಪಾಡುವ ಅಮೆರಿಕದ ಸಂಸ್ಥೆಯೊಂದು 2023ರಲ್ಲಿ ನಡೆಸಿದ ಅಧ್ಯಯನದಂತೆ, ಆ ದೇಶದಲ್ಲಿ 2010ಕ್ಕೆ ಮೊದಲು ಬಂದ ಆಟಗಳಲ್ಲಿ ನೂರಕ್ಕೆ 87ರಷ್ಟು ಇಂದು ಅಂಗಡಿಯಲ್ಲಿ ದೊರೆಯುವುದಿಲ್ಲ. ಆದುದರಿಂದ ಕಾಪಿಡುವವರು ಬೇಕು. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರಿನಲ್ಲಿರುವ ಸ್ಟ್ರಾಂಗ್ ವಸ್ತುಸಂಗ್ರಹಾಲಯದಂಥವು ಆ ಕೆಲಸವನ್ನು ಮಾಡುತ್ತಿವೆ. ಆದರೆ ಕಾಪಿಡುವುದು ಬೇರೆ, ಕೂಡಿಹಾಕುವುದು ಬೇರೆ. ಕಾಪಿಡುವವನು ಪ್ರತಿಯೊಂದರ ಕುಲಗೋತ್ರವನ್ನು ಬರೆದಿಡುತ್ತಾನೆ, ಕೆಟ್ಟುದನ್ನು ಸರಿಪಡಿಸುತ್ತಾನೆ, ನೋಡಬಂದವರಿಗೆ ತೋರಿಸುತ್ತಾನೆ. ಅಂಥ ಶ್ರದ್ಧೆಯುಳ್ಳವನು ಸಾವಿರ ಆಟಗಳನ್ನು ಇಟ್ಟುಕೊಂಡರೂ ನನ್ನ ತಕರಾರಿಲ್ಲ. ತನ್ನಲ್ಲಿ ಏನಿದೆಯೆಂಬುದೇ ತನಗೆ ನೆನಪಿಲ್ಲದವನನ್ನು ಕುರಿತೇ ನನ್ನ ಮಾತು.

ಮಿತಿಯ ಈ ವಿಚಾರ ನಮ್ಮ ನೆಲಕ್ಕೆ ಹೊಸದಲ್ಲ. ಅಮೀನಗಡದಿಂದ ಐಹೊಳೆಗೆ ದೂರವೇನಿಲ್ಲ. ಅಲ್ಲಿಯ ಗುಡ್ಡದ ಮೇಲೆ ಕ್ರಿ.ಶ. 634ರಲ್ಲಿ ಕವಿ ರವಿಕೀರ್ತಿ ಕಟ್ಟಿಸಿದ ಮೇಗುತಿಯ ಜಿನಾಲಯವಿದೆ. ಜೈನಧರ್ಮದ ಐದು ವ್ರತಗಳಲ್ಲಿ ಅಪರಿಗ್ರಹವೂ ಒಂದು. ಮುನಿಗಳು ಎಲ್ಲವನ್ನೂ ತೊರೆಯುತ್ತಾರೆ. ಗೃಹಸ್ಥರಿಗೆ ಅದು ಸಾಧ್ಯವಿಲ್ಲದ ಕಾರಣ ಅವರಿಗೆ ಪರಿಗ್ರಹಪರಿಮಾಣವನ್ನು ಹೇಳಿದ್ದಾರೆ. ‘ನನಗೆ ಇಷ್ಟು ಸಾಕು’ ಎಂದು ತನ್ನ ಗಡಿಯನ್ನು ತಾನೇ ಹಾಕಿಕೊಳ್ಳುವುದೇ ಆ ವ್ರತ. ಹನ್ನೆರಡನೆಯ ಶತಮಾನದ ಶರಣೆ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನೀವು ಕೇಳಿರುವಿರಿ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಅವನು ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಆಕೆ ಹೇಳಿದಳು. ಆಕೆಯ ಮನೆಯಲ್ಲಿ ಸಿರಿ ಇರಲಿಲ್ಲ. ಆದರೂ ‘ಸಾಕು’ ಎನ್ನುವ ಧೈರ್ಯವಿತ್ತು. ಮಾರುವವನು ‘ಇನ್ನೂ ಬೇಕು’ ಎಂಬ ಮಾತನ್ನು ನಮಗೆ ದಿನವೂ ಕಲಿಸುತ್ತಾನೆ. ‘ಸಾಕು’ ಎಂಬ ಮಾತನ್ನು ನಾವೇ ಕಲಿಯಬೇಕು.

ಹಾಗಾದರೆ ಮಾಡಬೇಕಾದುದೇನು? ನಿಮ್ಮ ಆಟಗಳನ್ನು ಒಂದು ಹಾಳೆಯ ಮೇಲೆ ಬರೆಯಿರಿ. ಪ್ರತಿಯೊಂದರ ಮುಂದೆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ. ಕಳೆದ ಆರು ತಿಂಗಳಲ್ಲಿ ಇದನ್ನು ಮನಸ್ಸಿಟ್ಟು ಆಡಿರುವೆನೆ? ಇದನ್ನು ಇನ್ನೊಬ್ಬರಿಗೆ ಕಲಿಸುವಷ್ಟು ಬಲ್ಲೆನೆ ಅಥವಾ ಬಲ್ಲವನಾಗಬೇಕೆಂಬ ಆಸೆಯುಂಟೆ? ನನ್ನ ಜೊತೆಗೆ ಇದನ್ನು ಆಡುವವರು ಇದ್ದಾರೆಯೆ? ಮೂರಕ್ಕೂ ‘ಇಲ್ಲ’ ಎಂಬ ಉತ್ತರ ಬಂದರೆ ಆ ಆಟ ನಿಮ್ಮದಲ್ಲ. ಅದನ್ನು ಆಡುವವರಿಗೆ ಕೊಡಿರಿ; ಗೆಳೆಯರೊಡನೆ ಬದಲಿಸಿಕೊಳ್ಳಿರಿ. ಮೊಬೈಲಿನಲ್ಲಿದ್ದರೆ ಅಳಿಸಿರಿ. ಕೆಟ್ಟ ಯಂತ್ರವನ್ನೂ ಬ್ಯಾಟರಿಯನ್ನೂ ತಿಪ್ಪೆಗೆ ಎಸೆಯದೆ, ವಿದ್ಯುನ್ಮಾನ ತ್ಯಾಜ್ಯವನ್ನು ಕೊಳ್ಳುವವರಿಗೆ ಒಪ್ಪಿಸಿರಿ. ಉಳಿದ ಮೂರೋ ಐದೋ ಆಟಗಳನ್ನು ಮುಗಿಯುವ ತನಕ, ಪಳಗುವ ತನಕ ಆಡಿರಿ. ಹೊಸದೊಂದು ಒಳಗೆ ಬರಬೇಕಾದರೆ ಹಳೆಯದೊಂದು ಹೊರಗೆ ಹೋಗಲಿ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹೆಚ್ಚು ಆಡುವುದೆಂದರೆ ಹೆಚ್ಚು ಹೊತ್ತು ಆಡುವುದಲ್ಲ. ಆಯ್ಕೆಯಲ್ಲಿ ಕಳೆದುಹೋಗುತ್ತಿದ್ದ ಹೊತ್ತನ್ನು ಆಟಕ್ಕೆ ಕೊಡುವುದು ಎಂದಷ್ಟೇ ಅದರ ಅರ್ಥ. ಊಟ, ನಿದ್ದೆ, ಓದುಗಳನ್ನು ನುಂಗಿ, ಕೈಮೀರಿ ಬೆಳೆಯುವ ಆಟದ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆ ರೋಗಗಳ ಪಟ್ಟಿಗೆ ಸೇರಿಸಿದೆ. ಆ ಪಟ್ಟಿ 2022ರಿಂದ ಜಾರಿಯಲ್ಲಿದೆ. ಹಣವನ್ನು ಒಡ್ಡಿ ಆಡುವ ಅಂತರ್ಜಾಲದ ಆಟಗಳಂತೂ ಆಟವೇ ಅಲ್ಲ, ಜೂಜು. ಎಷ್ಟೋ ಸಂಸಾರಗಳ ದುಡಿಮೆ ಅದರಲ್ಲಿ ಕರಗಿಹೋಯಿತು. 2025ರ ಆಗಸ್ಟಿನಲ್ಲಿ ನಮ್ಮ ಸಂಸತ್ತು ಅವುಗಳನ್ನು ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಕಾಯಿದೆ ಬೇಲಿಯನ್ನು ಹಾಕಬಲ್ಲದು. ಬೇಲಿಯೊಳಗೆ ಏನನ್ನು ಬೆಳೆಯಬೇಕೆಂಬುದನ್ನು ಮಾತ್ರ ನಾವೇ ನಿರ್ಧರಿಸಬೇಕು.

‘ಹತ್ತು ಕಟ್ಟುವಲ್ಲಿ ಒಂದು ಮುತ್ತು ಕಟ್ಟು’ ಎಂದು ನಮ್ಮ ಹಿರಿಯರು ಹೇಳಿದರು. ಮುತ್ತು ಕಟ್ಟುವುದೆಂದರೆ ಬೆಲೆಬಾಳುವುದನ್ನು ಕೊಳ್ಳುವುದೆಂದಲ್ಲ; ಕೈಯಲ್ಲಿರುವ ಒಂದನ್ನು ಬೆಲೆಬಾಳುವಂತೆ ಮಾಡುವುದು. ಆ ಬೆಲೆಯನ್ನು ಅಂಗಡಿಯವನು ಕಟ್ಟಲಾರ. ಅದು ನೀವು ಕೊಟ್ಟ ಗಮನದಿಂದ, ಉಂಡ ಸೋಲುಗಳಿಂದ, ಜೊತೆಗೆ ಕುಳಿತವರ ನಗೆಯಿಂದ ಬರತಕ್ಕದ್ದು. ಬಾಲ್ಯವೆಂಬುದು ಕೂಡಿಡಲು ಬಾರದ ಸಂಪತ್ತು. ಈ ವರ್ಷ ಆಡದ ಆಟವನ್ನು ಮುಂದೆ ಎಂದಾದರೂ ಕೊಳ್ಳಬಹುದು. ಆದರೆ ಅದನ್ನು ಹದಿನಾಲ್ಕು ವರ್ಷದವರಾಗಿ, ಪಕ್ಕದಲ್ಲಿ ತಂಗಿಯನ್ನೋ ಗೆಳೆಯನನ್ನೋ ಕೂಡಿಸಿಕೊಂಡು, ಆಡುವ ಅವಕಾಶವನ್ನು ಯಾವ ಅಂಗಡಿಯೂ ಮಾರುವುದಿಲ್ಲ.